ಬೈಕನೂರಿನ ಬೇಹುಚಿತ್ರಗಳು: ಮನೆಯಲ್ಲೇ ಕೂತು ಹುಡುಕುವುದು, ಇಳಿಸುವುದು, ಓದುವುದು

ಶೀತಲ ಸಮರದ ಕಾಲದಲ್ಲಿ ಅಮೆರಿಕದ ಉಪಗ್ರಹಗಳು ಸೋವಿಯತ್ ಒಕ್ಕೂಟದ ರಾಕೆಟ್ ಕೇಂದ್ರಗಳನ್ನು ಕದ್ದು ಫೋಟೋ ತೆಗೆದವು. ಆ ಫಿಲ್ಮ್ ಆಗ ಕೆಲವೇ ಜನರ ಕಣ್ಣಿಗೆ ಬೀಳುತ್ತಿತ್ತು. ಈಗ ಲ್ಯಾಪ್‌ಟಾಪ್, ಇಂಟರ್ನೆಟ್, ಒಂದಿಷ್ಟು ತಾಳ್ಮೆ ಇರುವ ಯಾರಿಗಾದರೂ ಸಿಗುತ್ತದೆ, ಅದೂ ಬಹುಪಾಲು ಪುಕ್ಕಟೆ. ಇಳಿಸಿಕೊಳ್ಳುವುದು ಕಷ್ಟವಲ್ಲ. ಇಳಿಸಿಕೊಂಡ ಮೇಲೆ ಬೂದು ಬಯಲು, ನಾಲ್ಕು ಗೆರೆ, ಎರಡು ಚುಕ್ಕೆ ನೋಡಿ "ಇದರಲ್ಲೇನಿದೆ?" ಅಂತ ಮುಚ್ಚಿಡುವವರೇ ಜಾಸ್ತಿ. ಆ ಗೆರೆ, ಚುಕ್ಕೆಗಳನ್ನು ಓದುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಉದಾಹರಣೆಗೆ ಬೈಕನೂರನ್ನೇ ತೆಗೆದುಕೊಂಡಿದ್ದೇನೆ. ಇವತ್ತು ಕಝಾಕಿಸ್ತಾನದಲ್ಲಿರುವ ಈ ಕೇಂದ್ರದಿಂದಲೇ ಸ್ಪುಟ್ನಿಕ್ ಹಾರಿತು, ಗಗಾರಿನ್ ಹಾರಿದರು. 1984ರ ಏಪ್ರಿಲ್ 3ರಂದು ರಾಕೇಶ್ ಶರ್ಮಾ ಹೊರಟದ್ದೂ ಇಲ್ಲಿಂದಲೇ. ಬೆಂಗಳೂರಿನಲ್ಲಿ ತಯಾರಾದ ಐಆರ್‌ಎಸ್-1ಎ ಉಪಗ್ರಹ 1988ರ ಮಾರ್ಚ್ 17ರಂದು ಮೇಲೇರಿದ್ದೂ ಇಲ್ಲಿಂದ. ಕಲಿಯುವವರಿಗೂ ಇದು ಒಳ್ಳೆಯ ಜಾಗ. ನೆಲ ಚಪ್ಪಟೆ, ಮರಗಿಡ ಕಡಿಮೆ, ಕಟ್ಟಿದ್ದೆಲ್ಲ ಬಯಲಲ್ಲೇ ಬಿದ್ದಿದೆ.

ಮೊದಲು, ಇವು ಯಾವ ಫೋಟೋಗಳು

ಯೋಜನೆಯ ಹೆಸರು ಕರೋನಾ. ವೈರಸ್ಸಿಗೂ ಇದಕ್ಕೂ ಸಂಬಂಧವಿಲ್ಲ, ಆದರೆ ಹೆಸರು ಹಾಕಿ ಹುಡುಕಿದರೆ ಎರಡೂ ಒಟ್ಟಿಗೆ ಬರುತ್ತವೆ. ಸಿಐಎ ಮತ್ತು ಅಮೆರಿಕದ ವಾಯುಪಡೆ ಸೇರಿ ನಡೆಸಿದ್ದು. ಆಗ ಡಿಜಿಟಲ್ ಕ್ಯಾಮೆರಾ ಇರಲಿಲ್ಲ. ಉಪಗ್ರಹದೊಳಗೆ ಫಿಲ್ಮ್ ಸುರುಳಿ ಇರುತ್ತಿತ್ತು. ಫೋಟೋ ತೆಗೆದಾದ ಮೇಲೆ ಸುರುಳಿ ಒಂದು ಡಬ್ಬಿಯೊಳಗೆ ಭೂಮಿಗೆ ವಾಪಸ್ ಬೀಳುತ್ತಿತ್ತು. ಪ್ಯಾರಾಶೂಟಿನಲ್ಲಿ ಇಳಿಯುತ್ತಿದ್ದ ಡಬ್ಬಿಯನ್ನು ವಿಮಾನವೊಂದು ಗಾಳಿಯಲ್ಲೇ ಕೊಕ್ಕೆ ಹಾಕಿ ಹಿಡಿಯುತ್ತಿತ್ತು. ಹೀಗೆ ಫಿಲ್ಮ್ ಮೊದಲ ಬಾರಿ ಕೈಗೆ ಸಿಕ್ಕಿದ್ದು 1960ರ ಆಗಸ್ಟ್‌ನಲ್ಲಿ. ಯೋಜನೆ ನಿಂತದ್ದು 1972ರ ಮೇ ತಿಂಗಳಲ್ಲಿ.

1995ರ ಫೆಬ್ರವರಿ 22ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಆದೇಶದಿಂದ 8,60,000ಕ್ಕೂ ಹೆಚ್ಚು ಚಿತ್ರಗಳ ಗುಟ್ಟು ಬಿಚ್ಚಿತು. 2002ರಲ್ಲಿ ಇನ್ನೊಂದು ಕಂತು ಬಂತು. ಆಮೇಲೆ ಕೆಎಚ್-9 ಅನ್ನುವ ದೊಡ್ಡ ಕ್ಯಾಮೆರಾದ ಚಿತ್ರಗಳೂ ಬಂದವು. ಕೆಎಚ್ ಅನ್ನುವುದು ಅಮೆರಿಕದ ಈ ಬೇಹು ಕ್ಯಾಮೆರಾಗಳ ಸರಣಿಯ ಹೆಸರು.

ಯಾವ ಕ್ಯಾಮೆರಾ ಎಷ್ಟು ಚೆನ್ನಾಗಿ ಕಾಣಿಸುತ್ತದೆ ಅಂತ ಮೊದಲೇ ಗೊತ್ತಿದ್ದರೆ ಸಮಯ ಉಳಿಯುತ್ತದೆ. ಮೊದಲ ಕೆಎಚ್-1ರಲ್ಲಿ 12 ಮೀಟರಿಗಿಂತ ಚಿಕ್ಕದು ಕಾಣುವುದಿಲ್ಲ. 1967ರಿಂದ 1972ರವರೆಗಿನ ಕೆಎಚ್-4ಬಿಯಲ್ಲಿ ಸುಮಾರು 2 ಮೀಟರಿನ ವಸ್ತು ಗುರುತಾಗುತ್ತದೆ. ಕೆಎಚ್-7 ಇನ್ನೂ ಚುರುಕು, ಒಂದು ಮೀಟರಿನ ಆಸುಪಾಸು, ಆದರೆ ಅದು ನೋಡುವ ಜಾಗ ಸಣ್ಣದು. ಹೊಸಬರಿಗೆ ನನ್ನ ಸಲಹೆ ಕೆಎಚ್-4ಬಿ. ಒಂದೇ ಫ್ರೇಮಿನಲ್ಲಿ ಸುಮಾರು 14 ಕಿ.ಮೀ. ಅಗಲ, 188 ಕಿ.ಮೀ. ಉದ್ದದ ಪಟ್ಟಿ ಸಿಗುತ್ತದೆ. ರಾಕೆಟ್ ಕೇಂದ್ರವನ್ನು ಅದರ ಊರು, ಹಳಿ, ರಸ್ತೆಗಳ ಸಮೇತ ನೋಡಬೇಕು ಅಂದರೆ ಇಷ್ಟು ಹರವು ಬೇಕೇ ಬೇಕು.

ಹೆಜ್ಜೆ 1: ಹೆಸರು ಬಿಡಿ, ಅಕ್ಷಾಂಶ ರೇಖಾಂಶ ಹಿಡಿಯಿರಿ

ಬೈಕನೂರು ಅನ್ನುವ ಹೆಸರೇ ಒಂದು ದಾರಿ ತಪ್ಪಿಸುವ ಆಟ. ಆ ಹೆಸರಿನ ಮೂಲ ಊರು ಇರುವುದು ನೂರಾರು ಕಿಲೋಮೀಟರ್ ಈಶಾನ್ಯಕ್ಕೆ. ರಾಕೆಟ್ ಕೇಂದ್ರ ನಿಜಕ್ಕೂ ಇರುವುದು ಸಿರ್ ದರ್ಯಾ ನದಿಯ ಪಕ್ಕದ ತ್ಯುರಾತಮ್ ಎಂಬ ರೈಲು ನಿಲ್ದಾಣದ ಹತ್ತಿರ. ಸೋವಿಯತ್ ಸರ್ಕಾರ ಬೇಕೆಂದೇ ದೂರದ ಊರಿನ ಹೆಸರು ಹೇಳಿತು. ಅಮೆರಿಕದವರ ಹಳೆಯ ವರದಿಗಳಲ್ಲಿ ಇದು ತ್ಯುರಾತಮ್ ಅಂತಲೇ ಇರುತ್ತದೆ. ಕೇಂದ್ರದ ಪಕ್ಕದ ಲೆನಿನ್‌ಸ್ಕ್ ಊರಿಗೆ ಬೈಕನೂರು ಅಂತ ಅಧಿಕೃತವಾಗಿ ಹೆಸರಿಟ್ಟದ್ದು 1995ರಲ್ಲಿ. ಅದಕ್ಕೇ ಹೆಸರಿನ ಬದಲು ಅಂಕಿ ಹಿಡಿದು ಹುಡುಕಿ:

ಊರು: 45.62 ಉತ್ತರ, 63.31 ಪೂರ್ವ
ಗಗಾರಿನ್ ಹಾರಿದ 1ನೇ ಸೈಟ್: 45.92, 63.34
ರಾಕೇಶ್ ಶರ್ಮಾ ಹಾರಿದ 31ನೇ ಸೈಟ್: 46.00, 63.56
ಚಂದ್ರನಿಗೆ ಹೋಗಬೇಕಿದ್ದ ಎನ್-1 ರಾಕೆಟ್ಟಿನ 110ನೇ ಸೈಟ್: 45.96, 63.31
ಪ್ರೋಟಾನ್ ರಾಕೆಟ್ಟಿನ ಕಡೆ: 46.05, 63.0

ಒಟ್ಟು ಕೇಂದ್ರ ಪೂರ್ವ ಪಶ್ಚಿಮವಾಗಿ ಎಷ್ಟು ಚಾಚಿದೆ ಅಂತ ಇದರಿಂದಲೇ ಗೊತ್ತಾಗುತ್ತದೆ. ಪ್ರೋಟಾನ್ ಕಡೆಯಿಂದ 31ನೇ ಸೈಟಿಗೆ 40 ಕಿ.ಮೀ.ಗೂ ಜಾಸ್ತಿ.

ಹೆಜ್ಜೆ 2: ಮೊದಲು ಇವತ್ತಿನ ಬೈಕನೂರು ನೋಡಿಕೊಳ್ಳಿ

ಹಳೆಯ ಫಿಲ್ಮಿಗೆ ನೇರ ಹೋಗಬೇಡಿ. ಗೂಗಲ್ ಅರ್ಥ್ ಪ್ರೋ ತೆರೆದು ಮೇಲಿನ ಐದೂ ಜಾಗಗಳಿಗೆ ಗುರುತು ಹಾಕಿ. ಬಣ್ಣದ, ಚುರುಕಾದ ಇವತ್ತಿನ ಚಿತ್ರದಲ್ಲಿ ಅರ್ಧ ಗಂಟೆ ಸುಮ್ನೆ ಅಡ್ಡಾಡಿ. ಯಾವ ರಸ್ತೆ ಎಲ್ಲಿ ಕೂಡುತ್ತದೆ, ಹಳಿ ಎಲ್ಲಿ ಕವಲೊಡೆಯುತ್ತದೆ, ಇಷ್ಟು ತಲೆಯಲ್ಲಿ ಕೂತರೆ ಸಾಕು. ಅದೇ ತಂತ್ರಾಂಶದಲ್ಲಿ ಗಡಿಯಾರದ ಚಿಹ್ನೆ ಒತ್ತಿದರೆ ಹಿಂದಿನ ವರ್ಷಗಳ ಚಿತ್ರಗಳೂ ಬರುತ್ತವೆ.

ಈ ವಾರ ಅಲ್ಲಿ ಏನಿದೆ ಅನ್ನುವ ಕುತೂಹಲ ಇದ್ದರೆ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಕೋಪರ್ನಿಕಸ್ ಬ್ರೌಸರಿನಲ್ಲಿ ಉಚಿತ. ಅದರ ಒಂದು ಚುಕ್ಕೆ 10 ಮೀಟರ್. ಉಡಾವಣಾ ಗುಂಡಿ ಕಾಣುತ್ತದೆ, ರಾಕೆಟ್ ಕಾಣುವುದಿಲ್ಲ. ತಮಾಷೆ ನೋಡಿ, ಪುಕ್ಕಟೆ ಸಿಗುವ ಇವತ್ತಿನ ಚಿತ್ರಕ್ಕಿಂತ 1970ರ ಬೇಹುಚಿತ್ರವೇ ಐದು ಪಟ್ಟು ಚುರುಕು.

ಹೆಜ್ಜೆ 3: ಅರ್ಥ್ ಎಕ್ಸ್‌ಪ್ಲೋರರಿನಲ್ಲಿ ಹುಡುಕುವುದು

ಈ ಫಿಲ್ಮುಗಳ ಸ್ಕ್ಯಾನ್ ಪ್ರತಿಗಳು ಅಮೆರಿಕದ ಭೂಗರ್ಭ ಸಮೀಕ್ಷೆ ಸಂಸ್ಥೆಯ ಅರ್ಥ್ ಎಕ್ಸ್‌ಪ್ಲೋರರ್ ತಾಣದಲ್ಲಿವೆ. ಖಾತೆ ತೆರೆಯಲು ದುಡ್ಡು ಬೇಡ. ಲಾಗಿನ್ ಆಗದೆ ಹುಡುಕಬಹುದು, ಇಳಿಸಿಕೊಳ್ಳಲು ಆಗುವುದಿಲ್ಲ.

ಸರ್ಚ್ ಕ್ರೈಟೀರಿಯಾ ಎಂಬ ಮೊದಲ ಭಾಗದಲ್ಲಿ ಅಕ್ಷಾಂಶ ರೇಖಾಂಶ ಕೊಡಿ. ಒಂದೇ ಬಿಂದು ಸಾಕು. ದೊಡ್ಡ ಚೌಕ ಬರೆದರೆ ಬೇಡದ ಫ್ರೇಮುಗಳು ರಾಶಿ ಬೀಳುತ್ತವೆ. ತಾರೀಖು 1960ರಿಂದ 1972 ಅಂತ ಹಾಕಿ. ಡೇಟಾ ಸೆಟ್ಸ್ ಭಾಗಕ್ಕೆ ಹೋಗಿ ಡಿಕ್ಲಾಸಿಫೈಡ್ ಡೇಟಾ ಅನ್ನುವುದನ್ನು ಬಿಡಿಸಿದರೆ ಮೂರು ಕಂತು ಕಾಣುತ್ತವೆ. ಮೊದಲನೆಯದು ಕರೋನಾ. ಎರಡನೆಯದು ಕೆಎಚ್-7 ಮತ್ತು ಕೆಎಚ್-9ರ ನಕ್ಷೆ ಕ್ಯಾಮೆರಾ. ಮೂರನೆಯದರಲ್ಲಿ ಕೆಎಚ್-9ರ ದೊಡ್ಡ ಕ್ಯಾಮೆರಾ ಇದೆ. ಮೊದಲಿಗೆ ಮೊದಲನೆಯದನ್ನೇ ಆರಿಸಿ.

ಅಡಿಷನಲ್ ಕ್ರೈಟೀರಿಯಾದಲ್ಲಿ ಡೌನ್‌ಲೋಡ್ ಲಭ್ಯ ಇರುವುದನ್ನು ಮಾತ್ರ ತೋರಿಸು ಅಂತ ಆರಿಸಿಕೊಳ್ಳಿ. ಇದನ್ನು ಬಿಟ್ಟರೆ ಇನ್ನೂ ಸ್ಕ್ಯಾನ್ ಆಗದ ಫ್ರೇಮುಗಳೂ ಪಟ್ಟಿಯಲ್ಲಿ ಬರುತ್ತವೆ. ಅವು ಬೇಕಿದ್ದರೆ ಒಂದು ಫ್ರೇಮಿಗೆ 30 ಡಾಲರ್ ಕೊಟ್ಟು ಸ್ಕ್ಯಾನ್ ಮಾಡಿಸಬೇಕು. ಒಮ್ಮೆ ಯಾರಾದರೂ ದುಡ್ಡು ಕೊಟ್ಟು ಮಾಡಿಸಿದರೆ ಆಮೇಲೆ ಎಲ್ಲರಿಗೂ ಉಚಿತ. ಬೈಕನೂರಿನ ಮೇಲೆ ಆಸಕ್ತಿ ಇರುವವರು ಪ್ರಪಂಚದಲ್ಲಿ ಬೇಕಾದಷ್ಟು ಜನ ಇದ್ದಾರೆ, ಹಾಗಾಗಿ ನಿಮ್ಮ ಜೇಬಿಗೆ ಕತ್ತರಿ ಬೀಳುವ ಸಂಭವ ಕಡಿಮೆ.

ಫಲಿತಾಂಶದ ಪಟ್ಟಿಯಲ್ಲಿ ಉದ್ದುದ್ದ ಗುರುತಿನ ಸಂಖ್ಯೆಗಳು ಬರುತ್ತವೆ. ಅವನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ. ಡಿಎಸ್ ಅಕ್ಷರಗಳ ಮುಂದಿನ ನಾಲ್ಕು ಅಂಕಿ ಯಾನದ ಸಂಖ್ಯೆ. 1101ರಿಂದ 1117ರವರೆಗೆ ಇದ್ದರೆ ಅದು ಕೆಎಚ್-4ಬಿ. 1001ರಿಂದ 1052 ಇದ್ದರೆ ಅದರ ಹಿಂದಿನ ಕೆಎಚ್-4ಎ. ಅಡ್ಡಗೆರೆಯ ನಂತರದ ಮೊದಲ ಅಂಕಿ ಎಷ್ಟನೇ ಡಬ್ಬಿ ಅಂತ, ಅದರ ಮುಂದಿನ ಮೂರು ಅಂಕಿ ಎಷ್ಟನೇ ಸುತ್ತು ಅಂತ. ಆಮೇಲೆ ಎರಡು ಅಕ್ಷರ. ಅದರಲ್ಲಿ ಎರಡನೆಯದು ಎಫ್ ಆಗಿದ್ದರೆ ಮುಂದಕ್ಕೆ ನೋಡುವ ಕ್ಯಾಮೆರಾ, ಎ ಆಗಿದ್ದರೆ ಹಿಂದಕ್ಕೆ ನೋಡುವ ಕ್ಯಾಮೆರಾ. ಕೊನೆಯದು ಫ್ರೇಮ್ ಸಂಖ್ಯೆ.

ಪಾದದ ಗುರುತು ಒತ್ತಿದರೆ ಆ ಫ್ರೇಮ್ ನೆಲದ ಮೇಲೆ ಎಲ್ಲಿ ಬೀಳುತ್ತದೆ ಅಂತ ನಕ್ಷೆಯಲ್ಲಿ ತೋರಿಸುತ್ತದೆ. ಅದನ್ನು ಪೂರ್ತಿ ನಂಬಬೇಡಿ. ಕೆಲವೊಮ್ಮೆ ಒಂದಷ್ಟು ಕಿಲೋಮೀಟರ್ ಆಚೀಚೆ ಇರುತ್ತದೆ. ನಿಮ್ಮ ಜಾಗ ಪಟ್ಟಿಯ ಅಂಚಿನಲ್ಲಿದ್ದರೆ ಪಕ್ಕದ ಫ್ರೇಮನ್ನೂ ನೋಡಿ. ಸಣ್ಣ ಮುನ್ನೋಟ ಚಿತ್ರದಲ್ಲಿ ಬಿಳಿ ಹತ್ತಿಯಂತೆ ಕಂಡರೆ ಮೋಡ, ಮುಂದಕ್ಕೆ ಹೋಗಿ.

ಒಂದೇ ಫ್ರೇಮ್ ಇಳಿಸಬೇಡಿ. ಒಂದೇ ದಿನದ ಎಫ್ ಮತ್ತು ಎ ಜೋಡಿ ಇಳಿಸಿ. ಜೊತೆಗೆ ಬೇರೆ ವರ್ಷದ ಇನ್ನೊಂದು ಜೋಡಿ. ಇಲ್ಲಿಂದ ಮುಂದೆ ನಾನು ಹೇಳುವುದೆಲ್ಲ ಎರಡು ಚಿತ್ರ ಪಕ್ಕಪಕ್ಕ ಇಟ್ಟುಕೊಳ್ಳುವುದರ ಮೇಲೇ ನಿಂತಿದೆ. ಒಂಟಿ ಚಿತ್ರ ಎಷ್ಟೇ ಚುರುಕಾಗಿರಲಿ, ಅದನ್ನು ನೋಡಿ ಆಡುವ ಮಾತು ಬಹುಪಾಲು ಊಹೆ.

ಹೆಜ್ಜೆ 4: ತೆರೆಯುವುದು, ತಿರುಗಿಸುವುದು

ಒಂದು ಫ್ರೇಮಿನ ಫಿಲ್ಮ್ ಮುಕ್ಕಾಲು ಮೀಟರ್ ಉದ್ದ. ಹಾಗಾಗಿ ಸ್ಕ್ಯಾನ್ ಪ್ರತಿ ನಾಲ್ಕು ತುಂಡಾಗಿ ಬರುತ್ತದೆ: ಎ, ಬಿ, ಸಿ, ಡಿ. ಪ್ರತಿ ತುಂಡೂ ದೊಡ್ಡ ಟಿಫ್ ಕಡತ. ಮೊಬೈಲಿನಲ್ಲಿ ತೆರೆಯಲು ಹೋಗಬೇಡಿ. ಕಂಪ್ಯೂಟರಿನಲ್ಲಿ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ ಅಥವಾ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶ ಸಾಕು, ಎರಡೂ ಉಚಿತ. ನಿಮ್ಮ ಜಾಗ ಯಾವ ತುಂಡಿನಲ್ಲಿದೆ ಅಂತ ಮುನ್ನೋಟ ಚಿತ್ರದಲ್ಲಿ ಅಂದಾಜು ಮಾಡಿಕೊಂಡು, ಬೇಕಾದ ಭಾಗ ಮಾತ್ರ ಕತ್ತರಿಸಿ ಬೇರೆ ಕಡತವಾಗಿ ಉಳಿಸಿ.

ಈಗ ಎಲ್ಲರೂ ಎಡವುವ ಜಾಗ. ಚಿತ್ರದಲ್ಲಿ ಉತ್ತರ ಮೇಲಕ್ಕೆ ಇರುವುದಿಲ್ಲ. ಎಫ್ ಮತ್ತು ಎ ಫ್ರೇಮುಗಳು ಒಂದಕ್ಕೊಂದು ತಲೆಕೆಳಗಾಗಿ ಇರಬಹುದು. ಎಡ ಬಲ ಅದಲುಬದಲಾಗಿ ಕನ್ನಡಿ ಬಿಂಬದ ಹಾಗೂ ಬಂದಿರಬಹುದು. ನಕ್ಷೆಯ ಜೊತೆ ಎಷ್ಟು ತಿರುಗಿಸಿದರೂ ಹೊಂದುತ್ತಿಲ್ಲ ಅಂದರೆ ಮೊದಲು ಕನ್ನಡಿ ಬಿಂಬ ಅಂತ ಅನುಮಾನಿಸಿ, ಅಡ್ಡಲಾಗಿ ಮಗುಚಿ ನೋಡಿ. ಸಿರ್ ದರ್ಯಾ ನದಿಯ ತಿರುವುಗಳು ಇದಕ್ಕೆ ಒಳ್ಳೆಯ ಗುರುತು.

ಇನ್ನೊಂದು: ಈ ಕ್ಯಾಮೆರಾ ಅಡ್ಡಡ್ಡ ಬೀಸುತ್ತಾ ಫೋಟೋ ತೆಗೆಯುತ್ತದೆ. ಫ್ರೇಮಿನ ನಡುವೆ ಅಳತೆ ಸರಿ ಇರುತ್ತದೆ, ತುದಿಗಳಲ್ಲಿ ನೆಲ ಹಿಗ್ಗಿ ಓರೆಯಾಗುತ್ತದೆ. ಬಿ ಮತ್ತು ಸಿ ತುಂಡುಗಳಲ್ಲಿ ಸಿಕ್ಕರೆ ಅದೃಷ್ಟ. ಕೆಎಚ್-4ಬಿ ಫಿಲ್ಮಿನ ನಡುಭಾಗದಲ್ಲಿ 1 ಮಿಲಿಮೀಟರ್ ಅಂದರೆ ನೆಲದ ಮೇಲೆ ಸುಮಾರು 250 ಮೀಟರ್.

ಹೆಜ್ಜೆ 5: ಹಳಿ ಹಿಡಿದು ಹೋಗಿ

ಚಿತ್ರ ಸರಿಯಾಗಿ ಕೂತ ಮೇಲೆ ರಾಕೆಟ್ ಹುಡುಕಲು ಹೊರಡಬೇಡಿ. ಹಳಿ ಹುಡುಕಿ.

ಬೈಕನೂರು ಅಮೆರಿಕದವರ ಕಣ್ಣಿಗೆ ಬಿದ್ದದ್ದೇ ಹೀಗೆ. 1957ರ ಆಗಸ್ಟ್‌ನಲ್ಲಿ ಅಮೆರಿಕದ ಯು-2 ಬೇಹು ವಿಮಾನ ಮಧ್ಯ ಏಷ್ಯಾದ ಮೇಲೆ ಹಾರಿತು. ಎಲ್ಲೋ ಈ ಕಡೆ ರಾಕೆಟ್ ಕೇಂದ್ರ ಇದೆ ಅಂತ ಗೊತ್ತಿತ್ತು, ಎಲ್ಲಿ ಅಂತ ಗೊತ್ತಿರಲಿಲ್ಲ. ಮಾಸ್ಕೋದಿಂದ ತಾಷ್ಕೆಂಟಿಗೆ ಹೋಗುವ ರೈಲು ದಾರಿಯನ್ನು ನೋಡುತ್ತಾ ಹೋದರು. ಅದರಿಂದ ಒಂದು ಕವಲು ಬರೀ ಬಯಲಿನ ಕಡೆ ಹೊರಟಿತ್ತು. ಊರಿಲ್ಲ, ಗಣಿಯಿಲ್ಲ, ಹಳಿ ಮಾತ್ರ ಇದೆ. ಅದರ ತುದಿಯಲ್ಲಿ ದೊಡ್ಡ ಗುಂಡಿ, ಅದರ ಬಾಯಿಗೆ ಚಾಚಿದ ಉಡಾವಣಾ ಕಟ್ಟೆ. ಪಕ್ಕದ ನಿಲ್ದಾಣದ ಹೆಸರನ್ನು ಹಳೆಯ ಜರ್ಮನ್ ನಕ್ಷೆಯಲ್ಲಿ ನೋಡಿ ತ್ಯುರಾತಮ್ ಅಂತ ಕರೆದರು.

ನೀವೂ ಅದನ್ನೇ ಮಾಡಿ. ನದಿಗೆ ಸಮವಾಗಿ ಓಡುವ ಮುಖ್ಯ ಹಳಿ ಹಿಡಿಯಿರಿ. ನಿಲ್ದಾಣದ ಹತ್ತಿರ ಉತ್ತರಕ್ಕೆ ಹೊರಳುವ ಕವಲು ಸಿಗುತ್ತದೆ. ಅದನ್ನು ಸುಮಾರು 30 ಕಿ.ಮೀ. ಹಿಂಬಾಲಿಸಿ. ರಸ್ತೆಗೂ ಹಳಿಗೂ ವ್ಯತ್ಯಾಸ ತಿಳಿಯುವುದು ಹೇಗೆ? ರಸ್ತೆ ಚೂಪಾಗಿ ತಿರುಗುತ್ತದೆ. ಹಳಿಗೆ ಅದು ಸಾಧ್ಯವಿಲ್ಲ, ದೊಡ್ಡ ಬಳಸು ಹಾಕಿಯೇ ಹೊರಳಬೇಕು. ಫಿಲ್ಮಿನಲ್ಲಿ ರಸ್ತೆ ಬೆಳ್ಳಗೆ, ಹಳಿ ಸಾಮಾನ್ಯವಾಗಿ ಸ್ವಲ್ಪ ಕಪ್ಪಗೆ, ಸಣ್ಣಗೆ ಕಾಣುತ್ತದೆ.

ಸೋವಿಯತ್ ರಾಕೆಟ್ಟುಗಳಿಗೆ ಹಳಿ ಇಷ್ಟು ಮುಖ್ಯವಾದದ್ದಕ್ಕೆ ಕಾರಣ ಇದೆ. ಅವರು ರಾಕೆಟ್ಟನ್ನು ಮಲಗಿಸಿಯೇ ಜೋಡಿಸುತ್ತಾರೆ. ಮಲಗಿಸಿಯೇ ರೈಲಿನಲ್ಲಿ ಕಟ್ಟೆಗೆ ಒಯ್ದು, ಅಲ್ಲಿ ಎಬ್ಬಿಸಿ ನಿಲ್ಲಿಸುತ್ತಾರೆ. ಹಾಗಾಗಿ ಜೋಡಣೆ ಕಟ್ಟಡ ಉದ್ದ, ಎತ್ತರ ಕಡಿಮೆ. ಅಮೆರಿಕದ ಕೇಪ್ ಕೆನವರಲ್ ಕಡೆ ಸ್ಯಾಟರ್ನ್-5 ನಿಂತೇ ಜೋಡಣೆಯಾಗುತ್ತಿತ್ತು, ಕಟ್ಟಡ 160 ಮೀಟರ್ ಎತ್ತರ. ಶ್ರೀಹರಿಕೋಟಾದ ಎರಡನೇ ಉಡಾವಣಾ ಕಟ್ಟೆಗೂ ರಾಕೆಟ್ ನಿಂತೇ ಬರುತ್ತದೆ. ಬೈಕನೂರಿನಲ್ಲಿ ಅಂಥ ಎತ್ತರದ ಕಟ್ಟಡ ಹುಡುಕಿದರೆ ಸಿಗುವುದಿಲ್ಲ. ಹಳಿಯ ಮೇಲೆ ಕೂತ ಉದ್ದನೆಯ ಶೆಡ್ ಹುಡುಕಿ.

ಎನ್-1 ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. 105 ಮೀಟರ್ ಉದ್ದದ ಆ ರಾಕೆಟ್ ಒಂದು ಜೋಡಿ ಹಳಿಯ ಮೇಲೆ ಹೋಗುವುದು ಆಗದ ಮಾತು. ಎರಡು ರೈಲು ದಾರಿಗಳನ್ನು ಅಕ್ಕಪಕ್ಕ ಹಾಕಿ, ಎರಡರ ಮೇಲೂ ಕೂತು ಚಲಿಸುವ ಗಾಡಿ ಮಾಡಿದ್ದರು. ಚಿತ್ರದಲ್ಲಿ ಭಾರೀ ಕಟ್ಟಡದಿಂದ ಎರಡು ಕಟ್ಟೆಗಳ ಕಡೆ ಹೋಗುವ, ಬೇರೆ ಹಳಿಗಳಿಗಿಂತ ಎದ್ದು ಕಾಣುವ ಅಗಲವಾದ ದಾರಿ ಅದೇ.

ಹೆಜ್ಜೆ 6: ಗುಂಡಿ, ಗುಡ್ಡದ ಮೋಸ

1ನೇ ಸೈಟಿನ ಗುಂಡಿ ಸುಮಾರು 250 ಮೀಟರ್ ಉದ್ದ, 100 ಮೀಟರ್ ಅಗಲ, 45 ಮೀಟರ್ ಆಳ. ರಾಕೆಟ್ಟಿನ ಬೆಂಕಿ ಹೊರಹೋಗಲು ತೋಡಿದ್ದು. ಕೆಎಚ್-4ಬಿ ಚಿತ್ರದಲ್ಲಿ ಕಣ್ಣಿಗೆ ರಾಚುವಷ್ಟು ದೊಡ್ಡದಾಗಿಯೇ ಇರುತ್ತದೆ. ಆದರೆ ಮೊದಲ ಸಲ ನೋಡುವವರಿಗೆ ಅದು ಗುಂಡಿಯಾಗಿ ಅಲ್ಲ, ಗುಡ್ಡವಾಗಿ ಕಾಣುತ್ತದೆ!

ನಮ್ಮ ಕಣ್ಣಿಗೆ ಬೆಳಕು ಮೇಲಿನಿಂದ ಬಂದು ನೆರಳು ಕೆಳಗೆ ಬಿದ್ದು ರೂಢಿ. ಬೈಕನೂರಿನಲ್ಲಿ ನಡುಹಗಲಿನ ಸೂರ್ಯ ದಕ್ಷಿಣಕ್ಕಿರುತ್ತಾನೆ, ನೆರಳು ಉತ್ತರಕ್ಕೆ ಬೀಳುತ್ತದೆ. ಉತ್ತರ ಮೇಲಕ್ಕಿಟ್ಟರೆ ನೆರಳು ಮೇಲ್ಮುಖ. ಆಗ ಮಿದುಳು ತಗ್ಗನ್ನು ಉಬ್ಬು ಅಂತ ಓದುತ್ತದೆ. ಪರಿಹಾರ ಸುಲಭ: ಚಿತ್ರವನ್ನು 180 ಡಿಗ್ರಿ ತಿರುಗಿಸಿ, ನೆರಳು ನಿಮ್ಮ ಕಡೆಗೆ ಬೀಳುವ ಹಾಗೆ. ತಟ್ಟನೆ ಗುಡ್ಡ ಕುಸಿದು ಗುಂಡಿಯಾಗುತ್ತದೆ. ನೆಲದ ಏರುತಗ್ಗು ಓದುವಾಗ ಹೀಗೆ ದಕ್ಷಿಣ ಮೇಲೆ ಇಟ್ಟುಕೊಳ್ಳಿ, ನಕ್ಷೆಗೆ ಹೊಂದಿಸುವಾಗ ಮಾತ್ರ ಉತ್ತರ ಮೇಲೆ.

ಕಟ್ಟೆ ಸಿಕ್ಕ ಮೇಲೆ ಸುತ್ತ ನೋಡಿ. ಕಟ್ಟೆಯಿಂದ ದೂರದಲ್ಲಿ, ಮಣ್ಣಿನ ದಿಬ್ಬದ ಮರೆಯಲ್ಲಿರುವ ಸಣ್ಣ ಕಟ್ಟಡ, ಟ್ಯಾಂಕುಗಳು ಇಂಧನದ್ದಿರಬಹುದು. ಸ್ಫೋಟಿಸುವ ವಸ್ತುವನ್ನು ಯಾರೂ ಜನ ಇರುವ ಕಟ್ಟಡದ ಪಕ್ಕ ಇಡುವುದಿಲ್ಲ. ಎರಡು ಸುತ್ತು ಬೇಲಿಯ ನೆರಳು ಕಂಡರೆ ಕಾವಲು ಜಾಸ್ತಿ ಇರುವ ಜಾಗ. ಸೇನೆಯ ಕಟ್ಟಡಗಳಿಗೂ ಇಂಥ ಅಚ್ಚು ಇರುತ್ತದೆ. ಸೋವಿಯತ್ಸಿನ ಎಸ್ಎ-2 ವಿಮಾನ ವಿರೋಧಿ ಕ್ಷಿಪಣಿ ನೆಲೆ ಅಂದರೆ ನಡುವೆ ರೇಡಾರ್, ಸುತ್ತ ಆರು ಉಡಾವಣಾ ಗುಂಡಿ, ಕೂಡಿಸುವ ದಾರಿಗಳು, ಮೇಲಿನಿಂದ ನಕ್ಷತ್ರದ ಆಕಾರ. 1962ರ ಆಗಸ್ಟ್ 29ರಂದು ಕ್ಯೂಬಾದಲ್ಲಿ ಯು-2 ತೆಗೆದ ಫೋಟೋಗಳಲ್ಲಿ ಈ ಕ್ಷಿಪಣಿ ನೆಲೆಗಳು ಸಿಕ್ಕವು. ಇಂಥ ಕಾವಲು ಯಾತಕ್ಕೆ ಅನ್ನುವ ಪ್ರಶ್ನೆ ಎದ್ದಿತು. ಅಕ್ಟೋಬರ್ 14ರ ಹಾರಾಟದಲ್ಲಿ ಪರಮಾಣು ಕ್ಷಿಪಣಿಗಳ ನೆಲೆ ಕಂಡಿತು.

ಚಳಿಗಾಲದ ಚಿತ್ರ ಸಿಕ್ಕರೆ ಬಿಡಬೇಡಿ. ಹಿಮ ಬಿದ್ದಾಗ ಎಲ್ಲ ರಸ್ತೆಗಳನ್ನೂ ಯಾರೂ ಗುಡಿಸುವುದಿಲ್ಲ. ಗುಡಿಸಿ ಕಪ್ಪಾಗಿ ಕಾಣುವ ದಾರಿ ಬಳಕೆಯಲ್ಲಿದೆ, ಬಿಳಿ ಮುಚ್ಚಿಕೊಂಡದ್ದು ಬಳಕೆಯಲ್ಲಿಲ್ಲ. ಬೇಸಿಗೆಯ ಎಷ್ಟೇ ಚುರುಕಾದ ಚಿತ್ರವೂ ಇದನ್ನು ಹೇಳುವುದಿಲ್ಲ.

ಹೆಜ್ಜೆ 7: ನೆರಳಿನಿಂದ ಎತ್ತರ

ಮೇಲಿನಿಂದ ನೋಡಿದರೆ 100 ಮೀಟರಿನ ಗೋಪುರವೂ ಒಂದು ಚುಕ್ಕೆ. ಅದರ ಎತ್ತರ ಹೇಳುವುದು ನೆರಳು. ಲೆಕ್ಕ ಹೈಸ್ಕೂಲಿನದೇ: ನೆರಳಿನ ಉದ್ದವನ್ನು ಸೂರ್ಯನ ಕೋನದ ಟ್ಯಾನ್ ಬೆಲೆಯಿಂದ ಗುಣಿಸಿದರೆ ಎತ್ತರ. ಬೈಕನೂರಿನಲ್ಲಿ ಡಿಸೆಂಬರ್ 21ರ ನಡುಹಗಲು ಸೂರ್ಯ 20.6 ಡಿಗ್ರಿ ಮೇಲಿರುತ್ತಾನೆ. 100 ಮೀಟರ್ ಗೋಪುರದ ನೆರಳು ಸುಮಾರು 266 ಮೀಟರ್. ಜೂನ್ 21ಕ್ಕೆ 67.5 ಡಿಗ್ರಿ, ನೆರಳು ಬರೀ 41 ಮೀಟರ್. ಎತ್ತರ ಅಳೆಯುವ ಆಸೆ ಇದ್ದರೆ ಜೂನ್ ಚಿತ್ರ ಆರಿಸಬೇಡಿ.

ತೊಡಕು ಏನಪ್ಪಾ ಅಂದರೆ, ಕರೋನಾ ಚಿತ್ರದ ವಿವರದಲ್ಲಿ ತಾರೀಖು ಇರುತ್ತದೆ, ಗಂಟೆ ಇರುವುದಿಲ್ಲ. ಗಂಟೆ ಗೊತ್ತಿಲ್ಲದೆ ಸೂರ್ಯನ ಕೋನ ಹೇಗೆ ತಿಳಿಯಬೇಕು? ಕೋನದ ಗೊಡವೆಯೇ ಬೇಡ, ಹೋಲಿಸಿ. ಒಂದೇ ಚಿತ್ರದಲ್ಲಿ ಎಲ್ಲ ವಸ್ತುಗಳ ಮೇಲೂ ಬೀಳುವುದು ಅದೇ ಸೂರ್ಯ. ಎತ್ತರ ಗೊತ್ತಿರುವ ಒಂದು ವಸ್ತು ಸಿಕ್ಕರೆ ಸಾಕು. ಎನ್-1 ಕಟ್ಟೆಗಳ ಪಕ್ಕದ ಸಿಡಿಲು ತಡೆಯುವ ಗೋಪುರಗಳು ಸುಮಾರು 180 ಮೀಟರ್. ಅದರ ನೆರಳು 240 ಮೀಟರ್ ಬಂತು ಅಂದುಕೊಳ್ಳಿ. ಕಟ್ಟೆಯ ಮೇಲೆ ನಿಂತ ಇನ್ನೊಂದರ ನೆರಳು 140 ಮೀಟರ್ ಇದ್ದರೆ ಅದರ ಎತ್ತರ 105 ಮೀಟರ್. ಅಂದರೆ ಅದು ಎನ್-1 ಅಷ್ಟೇ ಎತ್ತರ.

ನೆರಳನ್ನು ವಸ್ತುವಿನ ಬುಡದಿಂದ ಅಳೆಯಿರಿ, ತುದಿಯಿಂದಲ್ಲ. ಈ ಕ್ಯಾಮೆರಾ ನೇರ ಕೆಳಗೆ ನೋಡುವುದಿಲ್ಲ, 15 ಡಿಗ್ರಿ ಓರೆಯಾಗಿ ನೋಡುತ್ತದೆ. ಹಾಗಾಗಿ ಗೋಪುರ ಒಂದು ಕಡೆ ವಾಲಿದ ಹಾಗೆ ಕಾಣುತ್ತದೆ. ನೆರಳು ಗುಂಡಿಯೊಳಗೆ ಬಿದ್ದಿದ್ದರೆ ಆ ಅಳತೆ ಕೈಬಿಡಿ.

ಹೆಜ್ಜೆ 8: ಎರಡು ತಾರೀಖು ಪಕ್ಕಪಕ್ಕ

1969ರ ಜುಲೈ 3ರ ರಾತ್ರಿ ಎನ್-1 ರಾಕೆಟ್ ಎರಡನೇ ಬಾರಿ ಹೊರಟಿತು. ಕಟ್ಟೆ ಬಿಟ್ಟು ಸ್ವಲ್ಪ ಮೇಲೇರುವಷ್ಟರಲ್ಲಿ ಎಂಜಿನ್ನುಗಳು ನಿಂತು ರಾಕೆಟ್ ವಾಪಸ್ ಕಟ್ಟೆಯ ಮೇಲೇ ಬಿತ್ತು. ತುಂಬಿದ ಇಂಧನದ ಸಮೇತ. ಅಪೊಲೊ-11 ಹೊರಡಲು ಇನ್ನು 13 ದಿನ ಇತ್ತು. ಸೋವಿಯತ್ ಸರ್ಕಾರ ಬಾಯಿ ಬಿಡಲಿಲ್ಲ. ಎಷ್ಟೋ ವರ್ಷ ಚಂದ್ರನಿಗೆ ಮನುಷ್ಯರನ್ನು ಕಳಿಸುವ ಯೋಜನೆಯೇ ಇರಲಿಲ್ಲ ಅಂತ ಸಾಧಿಸಿದರು. ಆದರೆ ಜುಲೈ 24ರಂದು ಹಾರಿದ 1107ನೇ ಕರೋನಾ ಯಾನ ಆಗಸ್ಟ್ ಮೊದಲ ವಾರದಲ್ಲಿ ಇದೇ ಜಾಗದ ಫೋಟೋ ತೆಗೆಯಿತು.

ಈ ಕೇಂದ್ರದ ಮೇಲೆ ಮಾಡಬಹುದಾದ ಅಭ್ಯಾಸಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. 110ನೇ ಸೈಟಿನ 1968ರ ಒಂದು ಚಿತ್ರ ಮತ್ತು 1969ರ ಆಗಸ್ಟ್‌ನ ಒಂದು ಚಿತ್ರ ತೆಗೆದುಕೊಳ್ಳಿ. ಎರಡನ್ನೂ ಒಂದೇ ಗಾತ್ರಕ್ಕೆ, ಒಂದೇ ದಿಕ್ಕಿಗೆ ತನ್ನಿ. ಅಲ್ಲಿ ಎರಡು ಕಟ್ಟೆಗಳಿವೆ, ನಡುವಿನ ಅಂತರ ಸುಮಾರು ಅರ್ಧ ಕಿ.ಮೀ. ಬಿದ್ದದ್ದು ಒಂದರ ಮೇಲೆ ಮಾತ್ರ. ಹಾಗಾಗಿ ಇನ್ನೊಂದು ಕಟ್ಟೆ ನಿಮಗೆ ಅಳತೆಗೋಲು. ಎರಡೂ ಕಡೆ ಗೋಪುರಗಳ ನೆರಳು ಎಣಿಸಿ. ಕಟ್ಟೆಯ ಅಂಚು ನೇರವಾಗಿದೆಯಾ ನೋಡಿ. ಸುತ್ತಲಿನ ನೆಲದ ಬಣ್ಣ ಎಷ್ಟು ದೂರದವರೆಗೆ ಬದಲಾಗಿದೆ ನೋಡಿ. ಯಾರೂ ಹೇಳಿಕೊಡದೆ ಯಾವ ಕಟ್ಟೆ ಹಾಳಾಯಿತು ಅಂತ ನೀವೇ ಹೇಳುತ್ತೀರಿ.

ಆಮೇಲೆ 1970ರಿಂದ 72ರವರೆಗಿನ ಚಿತ್ರ ಹುಡುಕಿ, ರಿಪೇರಿ ಹೇಗೆ ನಡೆಯಿತು ಅಂತ ನೋಡಬಹುದು. ಮುಂದಿನ ಎನ್-1ಗಳು 1971ರ ಜೂನ್ ಮತ್ತು 1972ರ ನವೆಂಬರಿನಲ್ಲಿ ಹೊರಟವು. ಅವೂ ಗುರಿ ಮುಟ್ಟಲಿಲ್ಲ.

ಇದಕ್ಕಿಂತ ಸುಲಭದ ಅಭ್ಯಾಸ ಬೇಕಾದರೆ: ಇವತ್ತಿನ ಚಿತ್ರದಲ್ಲಿ 46.05, 63.25ರ ಹತ್ತಿರ 4.5 ಕಿ.ಮೀ. ಉದ್ದದ ರನ್‌ವೇ ಇದೆ. 1988ರ ನವೆಂಬರ್ 15ರಂದು ಸೋವಿಯತ್ತಿನ ಬುರಾನ್ ಬಾಹ್ಯಾಕಾಶ ನೌಕೆ ಚಾಲಕರಿಲ್ಲದೆ ಬಂದು ಇಳಿದದ್ದು ಇಲ್ಲೇ. ಕರೋನಾ ಚಿತ್ರದಲ್ಲಿ ಆ ಜಾಗ ಬರೀ ಬಯಲು.

ಹೆಜ್ಜೆ 9: ನಕ್ಷೆಗೆ ಹೊಂದಿಸುವುದು, ಮೂರು ಆಯಾಮ

ಕ್ಯೂಜಿಐಎಸ್‌ನ ಜಿಯೋರೆಫರೆನ್ಸರ್ ತೆರೆದು ಹಳೆಯ ಚಿತ್ರದ ಒಂದು ಬಿಂದು, ಇವತ್ತಿನ ಚಿತ್ರದ ಅದೇ ಬಿಂದು ಹೀಗೆ ಜೋಡಿ ಮಾಡುತ್ತಾ ಹೋಗಿ. ಹಳಿ ಕೂಡುವ ಜಾಗ, ಹಳೆಯ ಕಟ್ಟೆಯ ಮೂಲೆ, 60ರ ದಶಕದಿಂದ ಅಲುಗಾಡದ ಕಟ್ಟಡಗಳು ಒಳ್ಳೆಯ ಬಿಂದುಗಳು. ನದಿಯ ದಡ ಬೇಡ, ಅದು ಸರಿಯುತ್ತದೆ. ಕತ್ತರಿಸಿದ ಸಣ್ಣ ಭಾಗಕ್ಕೆ ಹತ್ತು ಬಿಂದು ಸಾಕು. ದೊಡ್ಡ ತುಂಡಿಗೆ ಇನ್ನೂ ಬೇಕು, ಆಗ ಥಿನ್ ಪ್ಲೇಟ್ ಸ್ಪ್ಲೈನ್ ವಿಧಾನ ಆರಿಸಿ.

ಎಫ್, ಎ ಜೋಡಿ ಇಳಿಸಿ ಅಂದೆನಲ್ಲ, ಅದರ ಒಂದು ಉಪಯೋಗ ಇಲ್ಲಿದೆ. ಎರಡು ಕ್ಯಾಮೆರಾಗಳ ನಡುವೆ 30 ಡಿಗ್ರಿ ಕೋನ. ಗಿಂಪ್‌ನಲ್ಲಿ ಒಂದನ್ನು ಕೆಂಪು ಪದರಕ್ಕೂ ಇನ್ನೊಂದನ್ನು ಹಸಿರು, ನೀಲಿ ಪದರಕ್ಕೂ ಹಾಕಿ, ಕೆಂಪು ನೀಲಿ ಕನ್ನಡಕ ಹಾಕಿ ನೋಡಿದರೆ ಕಟ್ಟಡಗಳು ಎದ್ದು ನಿಲ್ಲುತ್ತವೆ.

ಎಲ್ಲಿ ಮೋಸ ಹೋಗುತ್ತೀರಿ

ಫಿಲ್ಮಿನ ಮೇಲೆ ಗೀರು ಇರುತ್ತದೆ, ಧೂಳು, ಕೂದಲೆಳೆ ಇರುತ್ತದೆ. ನಿರ್ವಾತದಲ್ಲಿ ಫಿಲ್ಮ್ ಉಜ್ಜಿ ಹುಟ್ಟಿದ ವಿದ್ಯುತ್ ಕಿಡಿಯ ಮಂಜು ಗುರುತು ಇರುತ್ತದೆ. ನೇರ ಗೆರೆಯ ಗೀರನ್ನು ರಸ್ತೆ ಅಂತ, ಮೋಡದ ನೆರಳನ್ನು ಕೆರೆ ಅಂತ ಓದುವುದು ಬಹಳ ಸುಲಭ. ಎಫ್, ಎ ಜೋಡಿಯ ಇನ್ನೊಂದು ಉಪಯೋಗ ಇದೇ. ನೆಲದ ಮೇಲಿರುವುದು ಎರಡರಲ್ಲೂ ಇರುತ್ತದೆ. ಗೀರು ಒಂದರಲ್ಲಿ ಮಾತ್ರ.

ಚಿತ್ರದಲ್ಲಿ ಇಲ್ಲ ಅಂದಮಾತ್ರಕ್ಕೆ ನೆಲದ ಮೇಲೂ ಇಲ್ಲ ಅನ್ನಬೇಡಿ. ಇದಕ್ಕೆ ನಮ್ಮ ಪೋಖ್ರಾನ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. 1995ರ ಡಿಸೆಂಬರಿನಲ್ಲಿ ಪರೀಕ್ಷೆಯ ತಯಾರಿಯನ್ನು ಅಮೆರಿಕದ ಉಪಗ್ರಹಗಳು ಕಂಡುಹಿಡಿದವು, ಅಮೆರಿಕ ಒತ್ತಡ ಹಾಕಿತು, ಪರೀಕ್ಷೆ ನಿಂತಿತು. 1998ರಲ್ಲಿ ನಮ್ಮವರು ಉಪಗ್ರಹಗಳ ವೇಳೆ ನೋಡಿಕೊಂಡು ಹೆಚ್ಚಾಗಿ ರಾತ್ರಿ ಕೆಲಸ ಮಾಡಿದರು, ಬೆಳಗಾಗುವಷ್ಟರಲ್ಲಿ ಯಂತ್ರಗಳನ್ನು ಮೊದಲಿದ್ದ ಜಾಗಕ್ಕೇ ಸೇರಿಸಿದರು. ಮೇ 11ರಂದು ಸ್ಫೋಟವಾಗುವವರೆಗೂ ಅಮೆರಿಕದವರಿಗೆ ಸುಳಿವು ಸಿಗಲಿಲ್ಲ. ಚಿತ್ರ ಹೇಳುವುದು ಆ ಕ್ಷಣ ಆಕಾಶಕ್ಕೆ ತೆರೆದಿಟ್ಟದ್ದನ್ನು ಮಾತ್ರ.

ಕಾನೂನಿನ ಗೆರೆ

ಗುಟ್ಟು ಬಿಚ್ಚಿದ ಹಳೆಯ ಚಿತ್ರಗಳನ್ನು ಇಳಿಸುವುದು, ಓದುವುದು, ಹಂಚುವುದು ತಪ್ಪಲ್ಲ. ಭಾರತದ ಸೇನಾ ನೆಲೆಗಳ ಇವತ್ತಿನ ಚಿತ್ರ ತೆಗೆಯುವುದು ಬೇರೆ ಮಾತು. 1923ರ ಅಧಿಕೃತ ರಹಸ್ಯ ಕಾಯ್ದೆ ದೇಶಕ್ಕೆ ಕೇಡು ಮಾಡುವ ಉದ್ದೇಶದಿಂದ ನಿಷೇಧಿತ ಸ್ಥಳಗಳ ಹತ್ತಿರ ಸುಳಿದಾಡುವುದನ್ನೂ, ಅವುಗಳ ನಕ್ಷೆ ಬರೆಯುವುದನ್ನೂ ಅಪರಾಧ ಅನ್ನುತ್ತದೆ. ವಾಯುಪಡೆಯ ಜೊತೆ ಹಂಚಿಕೊಂಡ ವಿಮಾನ ನಿಲ್ದಾಣಗಳಲ್ಲಿ ಕಿಟಕಿಯಿಂದ ಫೋಟೋ ಬೇಡ ಅಂತ ವಿಮಾನದಲ್ಲೇ ಹೇಳುತ್ತಾರೆ, ಕೇಳಿರುತ್ತೀರಿ. ಡ್ರೋನ್ ಅಂತೂ ಬೇಡವೇ ಬೇಡ. ರಾಕೆಟ್ ಹಾರುವುದನ್ನು ಕಣ್ಣಾರೆ ನೋಡುವ ಆಸೆ ಇದ್ದರೆ ಶ್ರೀಹರಿಕೋಟಾದಲ್ಲಿ ಇಸ್ರೋ ಸಾರ್ವಜನಿಕರಿಗೆ ಗ್ಯಾಲರಿ ಕಟ್ಟಿದೆ, ಆನ್‌ಲೈನಿನಲ್ಲಿ ಹೆಸರು ಬರೆಸಿ ಹೋಗಬಹುದು. ಈ ಹವ್ಯಾಸಕ್ಕೆ 50, 60 ವರ್ಷ ಹಳೆಯ ಫಿಲ್ಮೇ ಸಾಕು. ನಮ್ಮ ದೇಶದ ಈಗಿನ ನೆಲೆಗಳ ಚಿತ್ರಕ್ಕೆ ಬಾಣದ ಗುರುತು ಹಾಕಿ ಹಂಚುವುದು ನನಗೆ ಸರಿ ಕಾಣುವುದಿಲ್ಲ, ಅದು ಎಲ್ಲಿಂದ ಸಿಕ್ಕಿದ್ದರೂ ಸರಿ.

ಬೈಕನೂರು ಮುಗಿದ ಮೇಲೆ

ಮುಂದಿನ ಜಾಗ ಕಪುಸ್ತಿನ್ ಯಾರ್ ಇಟ್ಟುಕೊಳ್ಳಿ, ವೋಲ್ಗಾ ನದಿಯ ಕಡೆ, 48.55, 46.3ರ ಸುತ್ತಮುತ್ತ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ ಆರ್ಯಭಟ 1975ರ ಏಪ್ರಿಲ್ 19ರಂದು ಹಾರಿದ್ದು ಇಲ್ಲಿಂದ. ಕರೋನಾ ಆಗಲೇ ನಿಂತಿತ್ತು, ಆ ವರ್ಷದ ಚಿತ್ರ ಬೇಕಾದರೆ ಕೆಎಚ್-9 ಇರುವ ಕಂತುಗಳಲ್ಲಿ ಹುಡುಕಬೇಕು.

ರಷ್ಯಾದ ಉತ್ತರದಲ್ಲಿರುವ ಪ್ಲೆಸೆಟ್ಸ್ಕ್ ರಾಕೆಟ್ ಕೇಂದ್ರ ಕಷ್ಟದ ಪಾಠ, ಅದನ್ನು ಕೊನೆಗೆ ಇಟ್ಟುಕೊಳ್ಳಿ. 62.9, 40.6ರ ಹತ್ತಿರ, ಕಾಡಿನ ನಡುವೆ. ಮೋಡ ಜಾಸ್ತಿ, ಚಳಿಗಾಲದಲ್ಲಿ ಸೂರ್ಯ ನೆಲ ಬಿಟ್ಟು ಮೇಲೇಳುವುದೇ ಇಲ್ಲ ಅನ್ನುವ ಹಾಗೆ. ಇದರ ಗುಟ್ಟನ್ನು ಬಯಲು ಮಾಡಿದ್ದು 1966ರಲ್ಲಿ ಇಂಗ್ಲೆಂಡಿನ ಕೆಟರಿಂಗ್ ಗ್ರಾಮರ್ ಶಾಲೆಯ ಮೇಷ್ಟ್ರು ಜೆಫ್ರಿ ಪೆರಿ ಮತ್ತವರ ವಿದ್ಯಾರ್ಥಿಗಳು. ಕಾಸ್ಮೋಸ್-112 ಉಪಗ್ರಹದ ರೇಡಿಯೋ ಸದ್ದು ಕೇಳಿ ಅದರ ಹಾದಿ ಲೆಕ್ಕ ಹಾಕಿದಾಗ ಅದು ಬೈಕನೂರಿನಿಂದ ಹೊರಟಿರಲು ಸಾಧ್ಯವಿಲ್ಲ ಅಂತ ತಿಳಿಯಿತು. ಸೋವಿಯತ್ ಸರ್ಕಾರ ಅದನ್ನು ಒಪ್ಪಿಕೊಂಡದ್ದು 1983ರಲ್ಲಿ. ಅಲ್ಲಿಯೂ ಮೊದಲು ಹುಡುಕಬೇಕಾದ್ದು ಮುಖ್ಯ ರೈಲು ದಾರಿಯಿಂದ ಪೂರ್ವಕ್ಕೆ ಕಾಡಿನೊಳಗೆ ಹೊರಳುವ ಕವಲನ್ನೇ. ಮರಗಳ ನಡುವೆ ಅದು ಸಣ್ಣ ಸೀಳಿನಂತೆ ಕಾಣುತ್ತದೆ, ಹಾಗಾಗಿ ಹಿಮ ಬಿದ್ದು ಮೋಡ ಸರಿದ ಮಾರ್ಚ್, ಏಪ್ರಿಲ್ ತಿಂಗಳ ಫ್ರೇಮುಗಳಿಂದ ಶುರು ಮಾಡಿ.